ಉಳ್ಳಾಗಡ್ಡಿ ಹಾಕದ ಪಲ್ಯ

ನಾನು ಮದುವೆಯಾಗಿ ಕಾಗವಾಡಕ್ಕೆ ಬಂದ ಮೊದಲ ವರ್ಷ. ಅಥಣಿಯಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಪಾಸ್ಟರು ಒಂದು ಭಾನುವಾರ ಆತ್ಮದ ವರಗಳ ಬಗ್ಗೆ ಬೋಧಿಸಿದರು. ಒಬ್ಬರಿಗೆ ಹಾಡುವ ವರ, ಒಬ್ಬರಿಗೆ ಕಲಿಸುವ ವರ, ಇನ್ನೊಬ್ಬರಿಗೆ ರೋಗಿಯ ಪಕ್ಕ ಕೂತು ಪ್ರಾರ್ಥಿಸುವ ವರ ಎಂದು ಎಣಿಸುತ್ತ ಬಂದು, ಕೊನೆಗೆ ಹೆಂಗಸರ ಸಾಲಿನ ಕಡೆ ಕೈ ತೋರಿಸಿದರು. "ಅತಿಥಿಸತ್ಕಾರಾನೂ ಒಂದು ವರಾನ ರೀ. ಅದನ್ನ ನೋಡಬೇಕಂದ್ರ ದೂರ ಹೋಗಬ್ಯಾಡ್ರಿ, ನಮ್ಮ ಆಯಾನ್ನ ನೋಡ್ರಿ" ಅಂದರು. ಆಯಾ ಅಂದರೆ ನನ್ನ ಅತ್ತೆ. ಎಲ್ಲರೂ ತಿರುಗಿ ನೋಡಿದರು. ಅತ್ತೆ ತಲೆ ತಗ್ಗಿಸಿ ಕೂತಿದ್ದರು. ಎಂಥ ವಿನಯ ಎಂದು ಸಭೆಯವರು ಮೆಚ್ಚಿಕೊಂಡರು. ಪಕ್ಕದಲ್ಲಿದ್ದ ನನಗೆ ಮಾತ್ರ ಅವರು ತೂಕಡಿಸುತ್ತಿದ್ದದ್ದು ಗೊತ್ತಿತ್ತು. ಆ ದಿನ ಬೆಳಗಿನ ಜಾವ ಬಂದ ಯಾರೋ ಐದು ಜನರಿಗೆ ರೊಟ್ಟಿ ಮಾಡಿ ಕಳಿಸಿ ಚರ್ಚಿಗೆ ಬಂದಿದ್ದೆವು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮ ಮನೆಯ ಲೆಕ್ಕವೇ ಬೇರೆ. ದೇವರು ವರವನ್ನು ಅತ್ತೆಗೆ ಕೊಟ್ಟು, ರೊಟ್ಟಿ ಬಡಿಯುವ ಕೆಲಸವನ್ನು ನನಗೆ ಕೊಟ್ಟಿದ್ದ. ಆಗ ನನಗೆ ಇಪ್ಪತ್ತೆರಡು ವಯಸ್ಸು, ಮೂಗಿನ ತುದಿಯಲ್ಲೇ ಸಿಟ್ಟು. ಆ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ, ಆದರೆ ಈಗ ಅದು ಹೆಚ್ಚಾಗಿ ನನ್ನ ಮೇಲೆಯೇ ಬರುತ್ತದೆ.

ಅತ್ತೆ ಮಿರಜದ ದವಾಖಾನೆಯೊಂದರಲ್ಲಿ ಮೂವತ್ತು ವರ್ಷ ಆಯಾ ಆಗಿ ದುಡಿದು ಮನೆಗೆ ಬಂದು ಕೂತವರು. ಕೂತವರು ಅನ್ನುವುದು ಹೆಸರಿಗೆ ಮಾತ್ರ. ನಮ್ಮ ಮನೆ ಮಿರಜ ರಸ್ತೆಯ ಮೇಲೆ, ಬಸ್ಸು ನಿಲ್ಲುವಲ್ಲಿಂದ ನೂರು ಹೆಜ್ಜೆಯಲ್ಲಿತ್ತು. ಕೊಕಟನೂರಿನ ಕಡೆಯಿಂದ, ಅಥಣಿಯ ಸುತ್ತಲಿನ ಹಳ್ಳಿಗಳಿಂದ ರೋಗಿಗಳನ್ನು ಕರೆದುಕೊಂಡು ಮಿರಜಕ್ಕೆ ಹೊರಟವರು ಎಷ್ಟೋ ಸಲ ಕಾಗವಾಡದಲ್ಲಿ ಇಳಿದು ಮುಂದಿನ ಬಸ್ಸಿಗೆ ಕಾಯಬೇಕಾಗುತ್ತಿತ್ತು. ಕಾಯುತ್ತ ನಿಂತವರಿಗೆ ಹೋಟೆಲಿನವನೋ, ಚಪ್ಪಲಿ ಹೊಲಿಯುವವನೋ ಹೇಳುತ್ತಿದ್ದ: "ಅಲ್ಲೊಬ್ಬಾಕಿ ಆಯಾ ಅದಾಳ. ಯಾವ ಡಾಕ್ಟರ್ ಕಡೆ ತೋರಸಬೇಕು ಆಕೀನ ಕೇಳ್ರಿ." ಅವರು ಡಾಕ್ಟರರ ವಿಚಾರ ಕೇಳಲು ಬಂದು ಉಂಡು ಹೋಗುತ್ತಿದ್ದರು. ತಿರುಗಿ ಬರುವಾಗ ಕೆಲವರು ರೋಗಿಯ ಸಂಗಡ ಬರುತ್ತಿದ್ದರು, ಕೆಲವರು ರೋಗಿಯಿಲ್ಲದೆ ಬರುತ್ತಿದ್ದರು. ಅವರಿಗೂ ಅತ್ತೆ ಉಣಿಸುತ್ತಿದ್ದರು.

ನಮ್ಮ ಕಡೆ ಯಾರಾದರೂ ಬಾಗಿಲಿಗೆ ಬಂದರೆ ಮೊದಲ ಮಾತು "ಊಟ ಆತೇನ್ರಿ?" ಅದಕ್ಕೆ ಉತ್ತರ ಒಂದೇ, "ಆಗೇತ್ರಿ." ಹೊಟ್ಟೆ ಬೆನ್ನಿಗೆ ಹತ್ತಿದ್ದರೂ "ಆಗೇತ್ರಿ" ಎಂದೇ ಹೇಳಬೇಕು. ಇಲ್ಲ ಅನ್ನುವುದು ಬಾಯಿಬಿಟ್ಟು ಬೇಡಿದಂತೆ. ಅತ್ತೆ ಈ ಮಾತನ್ನು ಯಾರಿಗೂ ಕೇಳುತ್ತಿರಲಿಲ್ಲ. ಬಂದವರ ಮುಂದೆ ಕೈ ತೊಳೆಯಲು ನೀರಿನ ತಂಬಿಗೆ ಇಟ್ಟು, ಅವರು ಕೈ ತೊಳೆಯುವುದರೊಳಗೆ ತಾಟು ಇಟ್ಟುಬಿಡುತ್ತಿದ್ದರು. ಒಮ್ಮೆ ನಾನು ರೇಗಿ, "ಉಂಡು ಬಂದಾರೇನ ಅಂತ ಒಂದು ಮಾತು ಕೇಳಬಾರದಾ ಅತ್ತಿ? ಇಷ್ಟು ರೊಟ್ಟಿ ಯಾರು ಬಡೀಬೇಕು?" ಅಂದೆ. ಅವರು ಹಂಚಿನ ಮೇಲಿನ ರೊಟ್ಟಿ ಮಗುಚುತ್ತ, "ಕೇಳಿದರ ಅವರು ಸುಳ್ಳ ಹೇಳಬೇಕಾಗತೈತಿ ಬೇ. ಬಂದವರ ಕಡಿಂದ ಸುಳ್ಳ ಯಾಕ ಹೇಳಸೂದು?" ಅಂದರು. ಬೋಧನೆಯಂತೆ ಏನೂ ಹೇಳಲಿಲ್ಲ, ಹಿಟ್ಟು ತಾ ಎಂದು ಕೈ ಚಾಚಿದರು.

ಬಂದವರಲ್ಲಿ ಎಲ್ಲರೂ ನಮ್ಮಲ್ಲಿ ಉಣ್ಣುವವರಲ್ಲ. ನಮ್ಮ ಮಂದಿ ಮೊದಲು ಊರ ಹೊರಗಿನ ಓಣಿಯವರು. ಯೇಸುವಿನ ಹೆಸರು ಹೊತ್ತು ಎರಡು ತಲೆಮಾರು ಕಳೆದಿದ್ದರೂ, ಓಣಿ ಬಿಟ್ಟು ರಸ್ತೆಯ ಮೇಲೆ ಮನೆ ಕಟ್ಟಿದ್ದರೂ, ಊರಿನ ಕಣ್ಣಿಗೆ ನಾವು ಇನ್ನೂ ಆ ಓಣಿಯಲ್ಲೇ ಇದ್ದೆವು. ಕೆಲವರು ತಾಟು ನೋಡಿ ಎದ್ದು ನಿಲ್ಲುತ್ತಿದ್ದರು. ಅತ್ತೆ ಮುಖ ಸಣ್ಣ ಮಾಡದೆ ತಾಟು ಒಳಗೆ ಒಯ್ದು, ಬಾಳೆಹಣ್ಣನ್ನೋ ಕಬ್ಬಿನ ತುಂಡನ್ನೋ ತಂದುಕೊಡುತ್ತಿದ್ದರು. ಆ ತಾಟನ್ನು ಒಳಗೆ ಒಯ್ಯುವುದನ್ನು ನೋಡಿದರೆ ನನ್ನ ಮೈ ಉರಿಯುತ್ತಿತ್ತು. ನಾನು ನಿಪ್ಪಾಣಿಯವಳು. ನನ್ನ ಅವ್ವ ತಂಬಾಕಿನ ವಖಾರಿಯಲ್ಲಿ ನಾಲ್ಕು ಜಾತಿಯ ಹೆಂಗಸರ ನಡುವೆ ಕೂತು ದುಡಿದವಳು, ಯಾರ ಮಾತನ್ನೂ ಬಾಕಿ ಇಟ್ಟುಕೊಂಡವಳಲ್ಲ.

ನಮ್ಮ ಹಿತ್ತಲಿಗೆ ಹತ್ತಿ ಒಂದು ಜೈನರ ಮನೆ ಇತ್ತು. ಕಬ್ಬು, ದ್ರಾಕ್ಷಿ, ನಾಲ್ಕು ಎಮ್ಮೆ. ಆ ಮನೆಯ ಯಜಮಾನ ತೀರಿಕೊಂಡು, ಅವರ ಹೆಂಡತಿಯೇ ಮಗನನ್ನು ಮುಂದಿಟ್ಟುಕೊಂಡು ಒಕ್ಕಲುತನ ನಡೆಸುತ್ತಿದ್ದರು. ಊರಿಗೆಲ್ಲ ಅವರು ಅಕ್ಕ. ನಾನು ಅವರನ್ನು ಅಕ್ಕಾರ ಎಂದು ಕರೆಯುತ್ತಿದ್ದೆ. ಎತ್ತರದ ಆಳು, ಕಡಿಮೆ ಮಾತು, ಸೋಸದ ನೀರು ಕುಡಿಯದ, ನೆಲದೊಳಗಿನ ಉಳ್ಳಾಗಡ್ಡಿ ಬಳ್ಳೊಳ್ಳಿ ಮುಟ್ಟದ, ಹೊತ್ತು ಮುಳುಗುವ ಮುಂಚೆ ಉಂಡು ಮುಗಿಸುವ ಜೈನರ ಶಿಸ್ತು.

ನಾನು ಬಂದ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವರು ಮೇವಿನ ಹೊರೆ ಹೊತ್ತು ನಮ್ಮ ಹಿತ್ತಲ ಗೋಡೆಯ ಬಳಿ ಬಂದು ಹೊರೆ ಇಳಿಸಿ ನಿಂತರು. ಮುಖ ಕೆಂಪಗಾಗಿತ್ತು. ನಾನು ಓಡಿಹೋಗಿ ತಂಬಿಗೆಯಲ್ಲಿ ನೀರು ತಂದುಕೊಟ್ಟೆ. ಅವರು ಅದನ್ನು ತೆಗೆದುಕೊಂಡು ಒಂದು ಗಳಿಗೆ ಹಿಡಿದು ನಿಂತರು. ಆಮೇಲೆ ಗೋಡೆಯ ಮೇಲೆ ಇಟ್ಟು, "ಮನಿ ಇಲ್ಲೇ ಐತೆಲ್ಲವಾ, ಹೋಗಿ ಕುಡೀತೇನಿ" ಅಂದರು. ದನಿಯಲ್ಲಿ ಬಿರುಸು ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಮರೆಯಬಹುದಿತ್ತು. ನಾನು ಆ ನೀರನ್ನು ಮಲ್ಲಿಗೆ ಬುಡಕ್ಕೆ ಚೆಲ್ಲಿ, ಇನ್ನು ಈ ಜನ್ಮದಲ್ಲಿ ಇವರಿಗೆ ಏನನ್ನೂ ಕೊಡುವುದಿಲ್ಲ ಎಂದು ನಿಶ್ಚಯಿಸಿದೆ. ನನ್ನ ನಿಶ್ಚಯಗಳು ಬಹಳ ಗಟ್ಟಿ, ಅದೇ ನನ್ನ ದೌರ್ಭಾಗ್ಯ.

ಆದರೆ ಆ ಮನೆಯಿಂದ ನಮಗೆ ಬರುವುದು ನಿಲ್ಲಲಿಲ್ಲ. ತಿಂಗಳಿಗೊಮ್ಮೆ ಅಕ್ಕ ಗೋಡೆಯ ಆಚೆ ನಿಂತು ಅತ್ತೆಯನ್ನು ಕರೆದು, ಹಿಡಿದ ಬುಟ್ಟಿಗೆ ಮೇಲಿನಿಂದ ಜೋಳ ಸುರಿಯುತ್ತಿದ್ದರು. "ನಿಮ್ಮ ಪಾವಣ್ಯಾರಿಗೆ" ಅನ್ನುತ್ತಿದ್ದರು, ಅಂದರೆ ಬಂದುಹೋಗುವ ಅತಿಥಿಗಳಿಗೆ. ಬುಟ್ಟಿಗೆ ಬುಟ್ಟಿ ತಾಗುತ್ತಿರಲಿಲ್ಲ. ಆ ಜೋಳವಿಲ್ಲದಿದ್ದರೆ ಅತ್ತೆಯ ವರ ಎರಡು ವಾರವೂ ನಡೆಯುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಮೇಲಿನಿಂದ ಸುರಿಯುವ ಆ ಕೈ ನೋಡಿದರೆ ಸಿಟ್ಟು ಬರುತ್ತಿತ್ತು. ಅತ್ತೆಗೆ ಹಾಗೇನೂ ಅನ್ನಿಸುತ್ತಿರಲಿಲ್ಲ. "ಕಾಳ ಆಕೀದು, ಕೈ ನಂದು, ಉಣ್ಣಾವರು ದೇವರ ಮಂದಿ. ಇದರಾಗ ನಿಂದೇನು ಹೋಗೂದೈತಿ?" ಎಂದು ನನ್ನನ್ನೇ ಕೇಳುತ್ತಿದ್ದರು. ನನ್ನ ತೋಳು ಹೋಗುತ್ತವೆ, ರೊಟ್ಟಿ ಬಡಿದು ಬಡಿದು, ಎಂದು ನಾನು ಗೊಣಗುತ್ತಿದ್ದೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅತ್ತೆ ತೀರಿಕೊಂಡರು. ಮಲಗಿದ್ದು ಎಂಟೇ ದಿನ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಉಣ್ಣಲು ತರುತ್ತಾರೆ. ಮೂರು ದಿನವೂ ಅಕ್ಕನ ಮನೆಯಿಂದ ರೊಟ್ಟಿಯ ಬುತ್ತಿ ಬಂತು. ನಾವೆಲ್ಲ ಅದನ್ನೇ ಉಂಡೆವು. ಮೂರನೆಯ ದಿನ ಅವರೇ ತಂದು, ಹಿತ್ತಲ ಬಾಗಿಲಲ್ಲಿ ನಿಂತು ಹೇಳಿದರು: "ಆಯಾ ಹ್ವಾದಳಂತ ಬಾಗಲಾ ಹಾಕಬ್ಯಾಡ ತಂಗಿ. ಜ್ವಾಳದ ಚಿಂತಿ ನನಗ ಬಿಡು." ಮೊದಲ ಸಲ ನನ್ನನ್ನು ತಂಗಿ ಎಂದು ಕರೆದಿದ್ದರು. ಬುತ್ತಿಯನ್ನು ಗೋಡೆಯ ಮೇಲೆ ಇಡದೆ ನನ್ನ ಕೈಗೇ ಕೊಟ್ಟರು. ಅಳುತ್ತಿದ್ದ ನಾನು ಅದನ್ನು ಅಷ್ಟಾಗಿ ಗಮನಕ್ಕೆ ತಂದುಕೊಳ್ಳಲಿಲ್ಲ.

ಬಾಗಿಲು ಹಾಕಲಿಲ್ಲ. ಆದರೆ ಬಾಗಿಲು ತೆರೆದಿಡುವುದಕ್ಕೂ ಬಂದವರನ್ನು ಕರೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ನಾನು ನನ್ನದೇ ಒಂದು ಪದ್ಧತಿ ಮಾಡಿಕೊಂಡೆ. ಬಂದವರನ್ನು ಮೊದಲು "ಊಟ ಆತೇನ್ರಿ?" ಎಂದು ಕೇಳುವುದು. "ಆಗೇತ್ರಿ" ಅಂದರೆ ಚಹಾ ಕೊಡುವುದು. ಚಹಾ ಕುಡಿದ ಮೇಲೂ ಎದ್ದು ಹೋಗದವರಿಗೆ ಮಾತ್ರ ತಾಟು. ಮೇಲಿನ ಜಾತಿಯವರೆಂದು ಕಂಡರೆ ಏನೂ ಕೇಳದೆ ಹೋಟೆಲಿನಿಂದ ಚಹಾ ತರಿಸಿ, ಜೊತೆಗೆ ಸಿಪ್ಪೆ ಸುಲಿಯದ ಹಣ್ಣು ಕೊಡುವುದು. ಇದನ್ನು ನಾನು ಮರ್ಯಾದೆ ಎಂದು ಕರೆಯುತ್ತಿದ್ದೆ. ಅವರ ಮಡಿಗೆ ನಾನು ಅಡ್ಡಿ ಬರಬಾರದು, ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದು ಎಂದು ದೊಡ್ಡ ಮಾತು ಆಡುತ್ತಿದ್ದೆ. ನಿಜ ಹೇಳಬೇಕೆಂದರೆ, ತುಂಬಿದ ತಾಟನ್ನು ತಿರುಗಿ ಒಳಗೆ ಒಯ್ಯುವ ಅವಮಾನ ನನಗೆ ಬೇಕಾಗಿರಲಿಲ್ಲ. ಬೇಡ ಅನ್ನಿಸಿಕೊಳ್ಳಲು ಅತ್ತೆಗಿದ್ದ ಧೈರ್ಯ ನನಗಿರಲಿಲ್ಲ. ಅವರ ವರ ಅಡಿಗೆಯಲ್ಲಿತ್ತು ಎಂದು ನಾವೆಲ್ಲ ತಿಳಿದಿದ್ದೆವು, ಅಡಿಗೆಯಲ್ಲಿ ನಾನೇ ಅವರಿಗಿಂತ ಕೈ ಮೇಲು. ಅವರ ವರ ಇದ್ದದ್ದು ಆ ಧೈರ್ಯದಲ್ಲಿ ಎಂದು ತಿಳಿಯುವಷ್ಟರಲ್ಲಿ ತಡವಾಗಿತ್ತು. ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ನನ್ನಂಥವರಿಗೇ ಹುಟ್ಟಿದ ಮಾತು.

ಆ ಎರಡು ಮೂರು ವರ್ಷಗಳಲ್ಲಿ ಅಕ್ಕ ಮತ್ತು ನಾನು ಹತ್ತಿರವಾದೆವು. ಸಂಜೆ ಎಮ್ಮೆ ಹಿಂಡಿಯಾದ ಮೇಲೆ ಅವರು ಗೋಡೆಯ ಆಚೆ, ನಾನು ಈಚೆ ನಿಂತು ಮಾತಾಡುತ್ತಿದ್ದೆವು. ನನ್ನ ಮಗನಿಗೆ ಟೈಫಾಯಿಡ್ ಆಗಿ ಮಲಗಿದಾಗ ಅವರು ಇಪ್ಪತ್ತು ದಿನ ಬೆಳಿಗ್ಗೆ ಎದ್ದವರೇ ಮೊದಲು ಗೋಡೆಯ ಹತ್ತಿರ ಬಂದು, "ಹುಡುಗ ಹೆಂಗದಾನ?" ಎಂದು ಕೇಳಿ, ಆಮೇಲೆ ಮುಖ ತೊಳೆಯುತ್ತಿದ್ದರು. ಪಾವಣ್ಯಾರ ಜೋಳವನ್ನು ಮೇಲಿನಿಂದ ಸುರಿಯುವುದು ಯಾವಾಗ ನಿಂತಿತೋ ನೆನಪಿಲ್ಲ. ಚೀಲವನ್ನೇ ತಂದು ನನ್ನ ಸೊಂಟಕ್ಕೆ ಏರಿಸಿ ಕಳಿಸುತ್ತಿದ್ದರು. "ಯಾವ ಊರವರು ಬಂದಿದ್ದರು ಇವತ್ತ? ಏನ ಮಾಡಿ ನೀಡಿದಿ?" ಎಂದು ಕೇಳುತ್ತಿದ್ದರು. ನಾನು ಮಾಡಿದ ಅಡಿಗೆಯ ಹೆಸರು ಹೇಳಿದರೆ, ಹೇಗೆ ಮಾಡಿದೆ ಎಂದೂ ಕೇಳುತ್ತಿದ್ದರು. ಉಣ್ಣದ ಅಡಿಗೆಯ ಬಗ್ಗೆ ಇಷ್ಟು ವಿಚಾರಣೆ ಯಾಕೆ ಎಂದು ನನಗೆ ನಗು ಬರುತ್ತಿತ್ತು. ನನ್ನ ನಿಶ್ಚಯ ಮಾತ್ರ ಹಾಗೇ ಇತ್ತು. ಒಂದು ಗುಟುಕು ನೀರನ್ನೂ ನಾನು ಅವರಿಗೆ ಕೊಡಲಿಲ್ಲ, ಅವರೂ ಕೇಳಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ಅವರ ಮನೆಯಲ್ಲಿ ಅಣ್ಣತಮ್ಮಂದಿರ ಮಕ್ಕಳು ಪಾಲಾದರು. ಅಕ್ಕನ ತವರು ಸದಲಗಾ. ಅಲ್ಲಿ ಅವರ ಅಣ್ಣನಿಗೆ ಮಕ್ಕಳಿರಲಿಲ್ಲ, ದೂಧಗಂಗೆಯ ದಂಡೆಯ ಹೊಲವನ್ನೂ ಹಾಲಿನ ವ್ಯವಹಾರವನ್ನೂ ನೋಡಿಕೊಳ್ಳಲು ಸೋದರಳಿಯನನ್ನು, ಅಂದರೆ ಅಕ್ಕನ ಮಗನನ್ನು, ಕರೆದರು. ಮಗ ಇಲ್ಲಿಯ ಪಾಲು ಬಿಟ್ಟು ಅಲ್ಲಿಗೆ ಹೊರಟ. ಒಂದು ಬುಧವಾರ ಸಾಮಾನು ಹೋಗುವುದೆಂದು ಗೊತ್ತಾಯಿತು. ಅಕ್ಕ ಗೋಡೆಯ ಹತ್ತಿರ ಬಂದು, "ಬುಧವಾರ ಮಧ್ಯಾನ ನಿಮ್ಮ ಮನೀಗೆ ಬಂದ ಹೋಗತೇನಿ ತಂಗಿ" ಅಂದರು. ಬರುತ್ತೇನೆ ಅಂದರೇ ಹೊರತು ಉಣ್ಣುತ್ತೇನೆ ಅನ್ನಲಿಲ್ಲ. ಹಾಗೆ ಹೇಳುವವರು ನಮ್ಮ ಕಡೆ ಯಾರೂ ಇಲ್ಲ.

ಮಂಗಳವಾರ ನಾನು ಏನು ಮಾಡಿದೆ ಎಂಬುದನ್ನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ. ಪೇಟೆಗೆ ಹೋಗಿ ನೀರು ಸೋಸಲು ಹೊಸ ಬಿಳಿ ಬಟ್ಟೆ ತಂದೆ. ಒಂದು ಪಾತೇಲಿ, ಒಂದು ತಾಟು, ಒಂದು ತಂಬಿಗೆಯನ್ನು ಬೂದಿ ಹಚ್ಚಿ ಮೂರು ಸಲ ತಿಕ್ಕಿ ಬಿಸಿಲಿಗೆ ಇಟ್ಟೆ. ಬುಧವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಸೋಸಿದ ನೀರಿನಲ್ಲಿ ಹೆಸರುಕಾಳಿನ ಪಲ್ಯ ಮಾಡಿದೆ. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಅವರ ಎಮ್ಮೆಯ ಹಾಲಿನದೇ ಮೊಸರು. ಇದೆಲ್ಲ ಯಾರಿಗೆ ಎಂದು ನನ್ನನ್ನು ನಾನೇ ಕೇಳಿಕೊಂಡಾಗಲೂ, ನಮಗೇ, ಇನ್ನಾರಿಗೆ, ಎಂದು ಹೇಳಿಕೊಂಡೆ. ಒಳಗೊಳಗೆ ಒಂದು ಪ್ರಾರ್ಥನೆಯನ್ನೂ ಮಾಡಿದ್ದೆ. ಕರ್ತನೇ, ಅವರು ತಾವಾಗಿಯೇ ಕೇಳುವ ಹಾಗೆ ಮಾಡು, ನಾನು ಕೇಳುವ ಹಾಗೆ ಮಾಡಬೇಡ. ಈಗ ನೆನೆದರೆ, ಅಂಥ ಪ್ರಾರ್ಥನೆಗೆ ದೇವರು ಕಿವಿಗೊಡದೆ ಇದ್ದದ್ದೇ ಸರಿ ಅನ್ನಿಸುತ್ತದೆ.

ಹನ್ನೆರಡರ ಸುಮಾರಿಗೆ ಅವರು ಬಂದರು. ಹಿತ್ತಲ ಬಾಗಿಲಲ್ಲಿ ನಿಲ್ಲಲಿಲ್ಲ. ಒಳಗೆ ಬಂದರು. ನಡುಮನೆಯಲ್ಲಿ ಚಾಪೆ ಹಾಸಿದ್ದೆ, ಅಲ್ಲಿಯೂ ಕೂಡಲಿಲ್ಲ. ನೇರವಾಗಿ ಅಡಿಗೆಮನೆಗೆ ಬಂದು, ಒಲೆಯಿಂದ ಮಾರು ದೂರದಲ್ಲಿ, ನೆಲದ ಮೇಲೆ ಗೋಡೆಗೆ ಆತು ಕೂತರು. ಹತ್ತು ವರ್ಷದಲ್ಲಿ ಹೊಸ್ತಿಲು ದಾಟದವರು ಅವರು. ಒಲೆಯ ಪಕ್ಕದಲ್ಲಿ ಪಲ್ಯದ ಪಾತೇಲಿ ತೆರೆದಿತ್ತು, ರೊಟ್ಟಿಯ ಬುಟ್ಟಿ ತೆರೆದಿತ್ತು.

ನಾನು ಮಾಡಿದ್ದು ಇಷ್ಟು. ಬಗ್ಗಿ ತಾಟು ತೆಗೆದುಕೊಂಡು ಪಾತೇಲಿಯನ್ನು ಮುಚ್ಚಿದೆ. ಬುಟ್ಟಿಯ ಮೇಲೆ ಅರಿವೆ ಎಳೆದೆ. ನಮ್ಮ ಅಡಿಗೆಯ ಮೇಲೆ ಅವರ ಕಣ್ಣು ಬಿದ್ದು ಅವರಿಗೆ ಕಸಿವಿಸಿ ಆಗಬಾರದೆಂದು. ಮುಚ್ಚುತ್ತಲೇ ನನ್ನ ಬಾಯಿಂದ ಮಾತು ಹೊರಟಿತು: "ಊಟ ಮುಗಿಸೇ ಬಂದಿರಬೇಕಲ್ರಿ ಅಕ್ಕಾರ?"

ಅವರು ಮುಚ್ಚಿದ ಪಾತೇಲಿಯನ್ನು ನೋಡಿದರು. ಆಮೇಲೆ "ಹೂಂ, ಆಗೇತವಾ" ಅಂದರು.

"ಚಹಾ ತರತೇನ್ರಿ" ಅಂದೆ. "ಇಲ್ಲೇ ಮಾಡಿದರ ಆತಲ್ಲ" ಅಂದರು. ಆ ಮಾತು ಕಿವಿಗೆ ಬಿತ್ತು, ಆದರೆ ಬುದ್ಧಿಗೆ ಮುಟ್ಟಲಿಲ್ಲ. ಸುಮ್ಮನೆ ಉಪಚಾರಕ್ಕೆ ಅನ್ನುತ್ತಾರೆ ಎಂದುಕೊಂಡೆ. ಅವರನ್ನು ಒಬ್ಬರನ್ನೇ ಅಡಿಗೆಮನೆಯಲ್ಲಿ ಕೂಡಿಸಿ, ಬಸ್ಸು ನಿಲ್ಲುವ ಕಡೆಯ ಹೋಟೆಲಿಗೆ ಹೋಗಿ, ಕೆಟಲಿನಲ್ಲಿ ಚಹಾ, ಹೋಟೆಲಿನದೇ ಗಾಜಿನ ಲೋಟ, ಅರ್ಧ ಡಜನ್ ಬಾಳೆಹಣ್ಣು ತಂದೆ. ಹತ್ತು ನಿಮಿಷ ಹಿಡಿದಿರಬೇಕು. ತಿರುಗಿ ಬಂದಾಗ ಅವರು ಕೂತಲ್ಲೇ ಕೂತಿದ್ದರು. ಪಾತೇಲಿಯ ಮುಚ್ಚಳ ಹಾಗೇ ಇತ್ತು. ಚಹಾದ ಲೋಟವನ್ನು ಮುಂದಿಟ್ಟೆ. "ಹೋಟೆಲಿನ ಚಹಾ ನಾ ಕುಡ್ಯಾಂಗಿಲ್ಲಲ್ಲ ತಂಗಿ" ಅಂದರು. ಹೋಟೆಲಿನದನ್ನು ಅವರು ಎಂದೂ ಮುಟ್ಟಿದವರಲ್ಲ. ಅದು ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಒಂದು ಬಾಳೆಹಣ್ಣು ಮುರಿದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು. ನನ್ನ ಮಗನ ತಲೆ ಸವರಿ, ನನ್ನ ಎರಡೂ ಕೈ ಹಿಡಿದು, "ಬರತೇನವಾ" ಎಂದು ಎದ್ದರು. ನಾಲ್ಕಕ್ಕೆ ಟೆಂಪೋ ಹೊರಟಿತು. ರಸ್ತೆಯವರೆಗೆ ಹೋಗಿ ಕೈ ಬೀಸಿ ಬಂದೆ.

ರಾತ್ರಿ ಗಂಡ ಉಣ್ಣುತ್ತ, "ಯಾಕ, ಉಳ್ಳಾಗಡ್ಡಿ ಮುಗದಾವೇನ? ಈ ಪಲ್ಯಾ ಬೇರೆನ ಆಗೇತಿ" ಅಂದರು. ಮುಗಿದಾವೆ ಎಂದೆ.

ಆ ದಿನದಿಂದ ಮನಸ್ಸಿನಲ್ಲಿ ಒಂದು ಮುಳ್ಳು. ಅವರು ಅಡಿಗೆಮನೆಗೇ ಯಾಕೆ ಬಂದು ಕೂತರು? ಬೀಳ್ಕೊಳ್ಳಲು ಬಂದವರು ಬಾಗಿಲಲ್ಲಿ ನಿಂತು ಹೋಗಬಹುದಿತ್ತು. ಒಮ್ಮೆ, ಉಣ್ಣಲೆಂದೇ ಬಂದಿದ್ದರು ಎಂದು ಖಾತ್ರಿಯಾಗುತ್ತಿತ್ತು. ಇನ್ನೊಮ್ಮೆ, ನಿನ್ನ ಆಸೆ ನಿನ್ನ ಕಡೆಯಿಂದ ಹಾಗೆ ಹೇಳಿಸುತ್ತದೆ, ಅಂಥ ಮಡಿಯ ಹೆಂಗಸು ನಿನ್ನ ಮನೆಯಲ್ಲಿ ಉಣ್ಣುತ್ತಾಳೆಯೇ, ಎಂದು ನನಗೆ ನಾನೇ ಚುಚ್ಚಿಕೊಳ್ಳುತ್ತಿದ್ದೆ. ಒಂದು ಮಾತ್ರ ಆಯಿತು. ಬಂದವರಿಗೆ ಊಟ ಆಯಿತೇ ಎಂದು ಕೇಳುವುದನ್ನು ಬಿಟ್ಟೆ. ತಂಬಿಗೆ ಇಟ್ಟು, ತಾಟು ಇಟ್ಟು, ನಿಂತೆ. ಕೆಲವರು ಉಂಡರು. ಕೆಲವರು ಎದ್ದು ಹೋದರು. ತಾಟು ತಿರುಗಿ ಒಳಗೆ ಒಯ್ಯುವುದು ಅಷ್ಟೇನೂ ದೊಡ್ಡ ಕಷ್ಟವಲ್ಲ ಎಂದು ಆಗ ಗೊತ್ತಾಯಿತು. ಇಷ್ಟು ಸಣ್ಣ ಕೆಲಸಕ್ಕೆ ಹತ್ತು ವರ್ಷ ಹೆದರಿದ್ದೆನಲ್ಲ ಎಂದು ನಾಚಿಕೆಯಾಯಿತು.

ಎರಡು ವರ್ಷದ ಮೇಲೆ ನಿಪ್ಪಾಣಿಯಲ್ಲಿ ಅವ್ವನಿಗೆ ಹುಷಾರಿಲ್ಲವೆಂದು ಹೋಗಿದ್ದೆ. ತಿರುಗಿ ಬರುವಾಗ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಬೇಕು. ಸದಲಗಾದ ಬಸ್ಸು ಎದುರಿಗೇ ನಿಂತಿತ್ತು. ಧೈರ್ಯ ಬಂದು ಹತ್ತಿದೆನೆಂದಲ್ಲ, ಕಾಲು ಹತ್ತಿಬಿಟ್ಟವು.

ಅಕ್ಕ ಹೊಲಕ್ಕೆ ಹೋಗಿದ್ದರು. ಸೊಸೆ ಗುರುತು ಹಿಡಿದು ಪಡಸಾಲೆಯಲ್ಲಿ ಕೂಡಿಸಿದಳು. ತನ್ನ ಅತ್ತೆಯನ್ನು ಕರೆಯಲು ಆಳನ್ನು ಕಳಿಸಿ, ಹಾಲಿನ ಕ್ಯಾನು ತೊಳೆಯುತ್ತ ಅದು ಇದು ಮಾತಾಡಿದಳು. ಅವಳಿಗೆ ನನ್ನ ಮೇಲೆ ಯಾವ ಸಿಟ್ಟೂ ಇರಲಿಲ್ಲ, ಸುಮ್ಮನೆ ಹಳೆಯ ಸುದ್ದಿ ಹೇಳಿದಂತೆ ಹೇಳಿದಳು: "ನಾವು ಕಾಗವಾಡ ಬಿಟ್ಟ ದಿನಾ ನಮ್ಮನ್ಯಾಗ ಎಷ್ಟ ವಾದಾ ಆಗಿತ್ತು ಗೊತ್ತೇನ್ರಿ? ನನಗ ರೊಟ್ಟಿ ಮಾಡಬ್ಯಾಡ, ನಾ ಇವತ್ತ ಆಯಾನ ಮನ್ಯಾಗ ಉಣ್ಣಾಕಿ ಅಂತ ಅತ್ತಿ ಅಂದ್ರು. ಇವರು ಸಿಟ್ಟಾದ್ರು, ಮಂದಿ ಏನಂದಾರು ಅಂದ್ರು. ಅತ್ತಿ ಕೇಳಲಿಲ್ರಿ. ನಿಮ್ಮ ಮನಿಯಿಂದ ಬಂದ ಮ್ಯಾಲೆ ಊಟ ಆತೇನು ಅಂತ ಇವರು ಕೇಳಿದ್ರ, ಮಾತಾ ಆಡಲಿಲ್ಲ. ಟೆಂಪೋದಾಗ ಒಂದು ಬಾಳಿಹಣ್ಣ ತಿಂದ್ರು. ಇಲ್ಲಿ ಮುಟ್ಟೂದ್ರಾಗ ಹೊತ್ತ ಮುಣಗಿತ್ತು. ಮರುದಿನಾನ ಉಂಡ್ರು."

ಎದ್ದು ಹೋಗಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಅಕ್ಕ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಮುಖ ಅರಳಿತು. ಕೈಕಾಲು ತೊಳೆದು ಒಳಗೆ ಹೋಗಿ, ತಾವೇ ತಾಟು ಬಡಿಸಿಕೊಂಡು ಬಂದು ನನ್ನ ಮುಂದಿಟ್ಟು, ಎದುರಿಗೇ ನೆಲದ ಮೇಲೆ ಕೂತರು. ರೊಟ್ಟಿ, ಬೆಣ್ಣೆ, ಗಟ್ಟಿ ಬೇಳೆ. ತುತ್ತು ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಬಂತು. ಅಳುವುದನ್ನು ಮುಚ್ಚಲು ಹೋಗಲಿಲ್ಲ, ಮುಚ್ಚಿದ್ದು ಸಾಕಾಗಿತ್ತು.

"ಅಕ್ಕಾರ, ಅವತ್ತ ನಾ ನಿಮಗಂತನ ಮಾಡಿದ್ದೆ" ಅಂದೆ.

"ಏನ ಮಾಡಿದ್ದಿ?" ಎಂದು ಅವರು ಕೇಳಿದರು.

ಹೇಳಿದೆ. ಹೊಸ ಬಟ್ಟೆ ತಂದದ್ದು, ನೀರು ಸೋಸಿದ್ದು, ಹೆಸರುಕಾಳು ನೆನೆಹಾಕಿದ್ದು, ಉಳ್ಳಾಗಡ್ಡಿ ಬಳ್ಳೊಳ್ಳಿ ಬಿಟ್ಟದ್ದು, ಒಂದೊಂದನ್ನೂ ಹೇಳಿದೆ. ಹಿಂದೆ ಗೋಡೆಯ ಆಚೆ ನಿಂತು ಕೇಳುತ್ತಿದ್ದರಲ್ಲ, ಹಾಗೆಯೇ ಕೇಳಿದರು. ಒಗ್ಗರಣೆಗೆ ಏನು ಹಾಕಿದ್ದೆ ಎಂದೂ ಕೇಳಿದರು.

"ನಾ ಬ್ಯಾಡ ಅಂತೀನಿ ಅಂತ ಅಂಜಿದಿ" ಅಂದರು.

"ಹೌದ್ರಿ."

"ನಾನೂ ಅಂಜಿದೆ. ಪಾತೇಲಿ ಮುಚ್ಚಿದಿಯಲ್ಲ, ಒಳಗ ನಾ ಉಣ್ಣಬಾರದ್ದು ಏನರ ಇರಬೇಕು, ಕೇಳಿದರ ನಿನಗ ಸಂಕೋಚ ಆದೀತು ಅಂತ ಸುಮ್ಮನಾದೆ."

ನನಗೆ ಆಗ ಸ್ವಲ್ಪ ಹಗುರವಾಯಿತು. ಏನೂ ಹಾಳಾಗಿಲ್ಲ, ಇನ್ನೂ ಕಾಲ ಇದೆ ಅನ್ನಿಸಿತು. ಮುಖ ಒರೆಸಿಕೊಂಡು, "ದ್ರಾಕ್ಷಿ ಹಂಗಾಮಿಗೆ ಕಾಗವಾಡಕ್ಕ ಬರ್ರಿ ಅಕ್ಕಾರ. ಎರಡ ದಿನಾ ಇರ್ರಿ. ಏನೇನ ಬೇಕೋ ಎಲ್ಲಾ ಮಾಡತೇನಿ, ಮುಚ್ಚಾಂಗಿಲ್ಲ" ಅಂದೆ.

ಅಕ್ಕ ನನ್ನ ಮೊಣಕಾಲ ಮೇಲೆ ಕೈ ಇಟ್ಟರು.

"ಈಗ ಆಗೂದಿಲ್ಲ ತಂಗಿ. ನೇಮಾ ಹಿಡದೇನಿ. ಈ ಮನಿ ಬಿಟ್ಟು ಹೊರಗ ಎಲ್ಲೂ ಉಣ್ಣಾಂಗಿಲ್ಲ, ನೀರೂ ಕುಡ್ಯಾಂಗಿಲ್ಲ. ಸಾಯೂತನಕಾ."

"ಯಾವಾಗ ಹಿಡದ್ರಿ?"

"ಇಲ್ಲಿಗೆ ಬಂದ ಮರುದಿನಾ. ಮುಂಜಾನೆ ಬಸದಿಗೆ ಹೋಗಿ ಹಿಡದೆ." ಅವರ ದನಿಯಲ್ಲಿ ನನ್ನ ಮೇಲೆ ದೂರು ಇರಲಿಲ್ಲ, ಎಲ್ಲವೂ ಮುಗಿದ ಮೇಲೆ ಹೇಳುವ ಸಾದಾ ಮಾತಿನಂತಿತ್ತು. "ಗಂಡ ಹ್ವಾದಾಗಿಂದ ಆ ನೇಮದ ಮ್ಯಾಲೆ ಮನಸಿತ್ತು. ಸ್ವಾಮಿಗಳೂ ಹೇಳತಿದ್ದರು. ನಿಮ್ಮ ಮನ್ಯಾಗ ಒಮ್ಮೆ ಉಣ್ಣೂದೊಂದ ಉಳದಿತ್ತು, ಅದಕ್ಕ ತಡದಿದ್ದೆ."

ನನ್ನ ತಾಟಿನಲ್ಲಿ ಇನ್ನೂ ಅರ್ಧ ರೊಟ್ಟಿ ಇತ್ತು. ಅಕ್ಕ ಅದರ ಮೇಲೆ ಬೆಣ್ಣೆ ಹಾಕಿದರು. ನಾನು ಉಂಡೆ.